ಹಿಮ, ಜೌಗು, ಬೆಟ್ಟ: ಟ್ರ್ಯಾಕ್ ಗಾಡಿ ಓಡಿಸಲು ಕಲಿಯುವವರಿಗೆ

ಹಿಮದಲ್ಲಿ ಮುಂದಿನ ಗಾಡಿ ಹೋದ ಜಾಡಿನಲ್ಲೇ ಹೋಗಬೇಕು. ಜೌಗಿನಲ್ಲಿ ಆ ಜಾಡಿನ ಹತ್ತಿರವೂ ಸುಳಿಯಬಾರದು. ನೆಲಕ್ಕೆ ತಾಗುವ ಚಕ್ರಗಳ ಬದಲು ಸುತ್ತುವ ಅಗಲ ಪಟ್ಟೆಗಳ (ಟ್ರ್ಯಾಕ್) ಮೇಲೆ ಓಡುವ ಟ್ರ್ಯಾಕ್ ಗಾಡಿ ಕಲಿಯುವವರು ಮೊದಲ ದಿನವೇ ತಲೆಗೆ ಹಾಕಿಕೊಳ್ಳಬೇಕಾದ ಮಾತು ಇದು. ಸ್ಟೀರಿಂಗ್, ಗೇರ್, ಬ್ರೇಕ್ ಎಲ್ಲ ಬೇಗ ಕೈಗೆ ಕೂರುತ್ತವೆ. ಕಾಲಡಿಯ ನೆಲ ಎಂಥದ್ದು ಎಂದು ನೋಡಿ ಹೇಳುವುದು ಮಾತ್ರ ನಿಧಾನಕ್ಕೆ ಬರುತ್ತದೆ. ಅದಕ್ಕೇ ಈ ಲೇಖನದಲ್ಲಿ ಗಾಡಿಗಿಂತ ನೆಲದ ಮಾತೇ ಜಾಸ್ತಿ.

ಕರ್ನಾಟಕದಲ್ಲಿ ಹಿಮ ಬೀಳುವುದಿಲ್ಲ, ನಿಜ. ಆದರೆ ಸ್ವೀಡನ್, ನಾರ್ವೆ, ಕೆನಡಾಗಳಲ್ಲಿ ನೆಲೆಸಿದ ಕನ್ನಡಿಗರಿದ್ದಾರೆ. ಲಡಾಖ್‌ನಲ್ಲಿ ಸೇವೆಯಲ್ಲಿರುವ ನಮ್ಮೂರಿನ ಯೋಧರಿದ್ದಾರೆ. ಸುಮ್ನೆ ಗಾಡಿಗಳ ಹುಚ್ಚಿರುವವರೂ ಇದ್ದಾರೆ, ಅಲ್ವಾ? ಕೆಸರು ಗದ್ದೆಯಲ್ಲಿ ರಬ್ಬರ್ ಟ್ರ್ಯಾಕಿನ ಭತ್ತದ ಕಟಾವು ಯಂತ್ರ ಓಡಿಸಿದವರಿಗೆ, ಕೆರೆ ಹೂಳೆತ್ತಲು ಹಿಟಾಚಿ ಇಳಿಸಿದವರಿಗೆ ಅರ್ಧ ಪಾಠ ಆಗಲೇ ಗೊತ್ತಿರುತ್ತದೆ.

ಉದಾಹರಣೆಗೆ ಒಂದು ಗಾಡಿ ಇಟ್ಟುಕೊಳ್ಳೋಣ: ಸ್ವೀಡನ್ನಿನ ಬಿವಿ 206. ಆರ್ನ್‌ಶೋಲ್ಡ್ಸ್‌ವಿಕ್ ಎಂಬ ಊರಿನ ಹೆಗ್ಲುಂಡ್ಸ್ ಕಂಪನಿ ಮಾಡಿದ್ದು. 1980ರ ಹೊತ್ತಿಗೆ ಸ್ವೀಡನ್ನಿನ ಸೇನೆಗೆ ಬಂತು. ಆಮೇಲೆ ಎಷ್ಟೋ ದೇಶಗಳ ಸೇನೆ, ರಕ್ಷಣಾ ತಂಡ, ಅಗ್ನಿಶಾಮಕ ದಳಗಳಿಗೆ ಹೋಯಿತು. ಈಗ ಸೇನೆಯಿಂದ ನಿವೃತ್ತವಾದ ಗಾಡಿಗಳು ಯುರೋಪಿನಲ್ಲಿ ಸೆಕೆಂಡ್‌ಹ್ಯಾಂಡ್ ಆಗಿಯೂ ಸಿಗುತ್ತವೆ. ಇದರ ತಮ್ಮನಂತಿರುವ, ಆದರೆ ಅಣ್ಣನಿಗಿಂತ ದಪ್ಪಗಿರುವ ಬಿವಿಎಸ್10 ಗಾಡಿಯ ಭಾರತೀಯ ರೂಪಕ್ಕೆ ‘ಸಿಂಧು’ ಎಂದು ಹೆಸರು. ಗುಜರಾತಿನ ಹಜೀರಾದಲ್ಲಿ ಎಲ್ ಆ್ಯಂಡ್ ಟಿ ಇದನ್ನು ಭಾರತೀಯ ಸೇನೆಗಾಗಿ ತಯಾರಿಸುತ್ತದೆ ಎಂಬ ಘೋಷಣೆ 2025ರಲ್ಲಿ ಬಂತು.

ಅಷ್ಟು ಭಾರದ ಗಾಡಿ ಏಕೆ ಹೂತುಹೋಗುವುದಿಲ್ಲ?

ಬಿವಿ 206 ಖಾಲಿ ಇದ್ದಾಗ ಸುಮಾರು ನಾಲ್ಕೂವರೆ ಟನ್. ಜನ, ಸಾಮಾನು ತುಂಬಿದರೆ ಆರೂವರೆ ಟನ್ ಆಸುಪಾಸು. ಒಂದರ ಹಿಂದೆ ಒಂದು ಎರಡು ಡಬ್ಬಿ (ಕ್ಯಾಬಿನ್), ನಡುವೆ ಒಂದು ಕೀಲು, ಒಟ್ಟು ನಾಲ್ಕು ರಬ್ಬರ್ ಟ್ರ್ಯಾಕ್. ಒಂದೊಂದು ಟ್ರ್ಯಾಕ್ 62 ಸೆಂ.ಮೀ. ಅಗಲ. ನಾಲ್ಕಕ್ಕೂ ಇಂಜಿನ್ನಿನ ಶಕ್ತಿ ಹೋಗುತ್ತದೆ.

ಈಗ ಲೆಕ್ಕ ನೋಡಿ. 70 ಕೆ.ಜಿ. ತೂಕದ ಮನುಷ್ಯ ಒಂದೇ ಕಾಲಿನ ಮೇಲೆ ನಿಂತರೆ ಪಾದದಡಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 350 ಗ್ರಾಂ ಭಾರ ಬೀಳುತ್ತದೆ. ಕಾರಿನ ಟಯರಿಗೆ ಬಂಕಿನಲ್ಲಿ 30 ಪಿಎಸ್‌ಐ ಗಾಳಿ ತುಂಬಿಸುತ್ತೀರಲ್ಲ, ಅದು ನೆಲವನ್ನು ಒತ್ತುವುದೂ ಹೆಚ್ಚುಕಡಿಮೆ ಅಷ್ಟೇ, ಅಂದರೆ ಚದರ ಸೆಂಟಿಮೀಟರಿಗೆ 2 ಕೆ.ಜಿ.ಯಷ್ಟು. ತುಂಬಿದ ಬಿವಿ 206 ಒತ್ತುವುದು 140 ಗ್ರಾಂ ಹತ್ತಿರ. ಮನುಷ್ಯನ ಕಾಲಿಗಿಂತ ಹಗುರ! ಕೆಸರು ಗದ್ದೆಗೆ ಹಲಗೆ ಹಾಕಿ ಅದರ ಮೇಲೆ ನಡೆದ ಹಾಗೆ.

ಇದರಿಂದ ಒಂದು ಸುಲಭ ಪರೀಕ್ಷೆ ಸಿಗುತ್ತದೆ. ಅನುಮಾನ ಬಂದ ಜಾಗದಲ್ಲಿ ಇಳಿದು ಒಂಟಿ ಕಾಲಲ್ಲಿ ನಿಲ್ಲಿ. ಪಾದ ಹೂತುಹೋಗದಿದ್ದರೆ ಗಾಡಿಯ ಮೊದಲ ಓಟಕ್ಕೆ ಆ ನೆಲ ಸಾಮಾನ್ಯವಾಗಿ ಸಾಕು. ಸಾಮಾನ್ಯವಾಗಿ ಎಂದೆ, ಗಮನಿಸಿ. ನಿಮ್ಮ ಕಾಲಿನ ಭಾರ ಮೇಲಿನ ಪದರದಲ್ಲೇ ಕರಗಿಹೋಗುತ್ತದೆ. ಅಗಲ ಟ್ರ್ಯಾಕಿನ ಭಾರ ಅದಕ್ಕಿಂತ ತುಂಬ ಆಳಕ್ಕೆ ಇಳಿಯುತ್ತದೆ. ಮೇಲೆ ಗಟ್ಟಿ, ಕೆಳಗೆ ಪೊಳ್ಳು ಇದ್ದರೆ ಈ ಪರೀಕ್ಷೆ ಮೋಸ ಮಾಡುತ್ತದೆ.

ಯಾವ ಕೆಲಸಕ್ಕೆ ಯಾವ ಗಾಡಿ

ಒಬ್ಬಿಬ್ಬರು ಹಿಮದ ಮೇಲೆ ಮಾತ್ರ ಓಡಾಡುವುದಾದರೆ ಹಿಮದ ಬೈಕಿನಂತಿರುವ ಸ್ನೋಮೊಬೈಲ್ ಸಾಕು. ಗುಲ್ಮಾರ್ಗ್‌ಗೆ ಪ್ರವಾಸ ಹೋದವರು ಕೂತಿರುತ್ತೀರಿ. ಸ್ಕೀ ಇಳಿಜಾರುಗಳನ್ನು ನುಣ್ಣಗೆ ಮಾಡಲು, ಹಿಮದ ಮೇಲೆ ಭಾರದ ಜಾರುಬಂಡಿ ಎಳೆಯಲು ಪಿಸ್ಟೆನ್‌ಬುಲಿಯಂಥ ಅಗಲ ಟ್ರ್ಯಾಕಿನ ಗಾಡಿ ಬೇಕು. ಅಂಟಾರ್ಕ್ಟಿಕಾದ ನಮ್ಮ ಮೈತ್ರಿ ಕೇಂದ್ರ ಹಿಮದ ಅಂಚಿನಿಂದ ಸುಮಾರು 100 ಕಿ.ಮೀ. ಒಳಗಿದೆ. ಅಲ್ಲಿಗೆ ಸಾಮಾನು ಹೋಗುವುದು ಇಂಥ ಗಾಡಿಗಳ ಸಾಲಿನಲ್ಲೇ. ಹಿಮ, ಜೌಗು, ನೀರು ಮೂರೂ ಎದುರಾಗುವ ಕಡೆ ಬಿವಿ 206ನಂಥ ಕೀಲಿನ ಗಾಡಿಗೆ ಸಾಟಿ ಇಲ್ಲ.

ಇನ್ನೊಂದು ದಾರಿ ಇದೆ. ಬೈಕಿನಂತೆ ಕೂತು ಒರಟು ನೆಲದಲ್ಲಿ ಓಡಿಸುವ ನಾಲ್ಕು ಚಕ್ರದ ಎಟಿವಿಯ ಚಕ್ರ ಬಿಚ್ಚಿ, ಆ ಜಾಗಕ್ಕೆ ತ್ರಿಕೋನದ ಟ್ರ್ಯಾಕ್ ಕಿಟ್ ಹಾಕುವುದು. ಕೆನಡಾ, ಅಮೆರಿಕದ ಹಳ್ಳಿಗಳಲ್ಲಿ ಇದು ಮಾಮೂಲು. ಖರ್ಚು ಕಡಿಮೆ, ಬೇಸಿಗೆಯಲ್ಲಿ ಮತ್ತೆ ಚಕ್ರ ಹಾಕಬಹುದು. ಆದರೆ ಸ್ಟೀರಿಂಗ್ ಭಾರವಾಗುತ್ತದೆ, ವೇಗ ಇಳಿಯುತ್ತದೆ, ಬೇರಿಂಗ್ ಮತ್ತು ಆಕ್ಸಲ್‌ಗಳ ಮೇಲೆ ಹೊರೆ ಏರುತ್ತದೆ. ಗಾಡಿ ಎತ್ತರವಾಗುವುದರಿಂದ ಓರೆ ನೆಲದಲ್ಲಿ ಮಗುಚುವ ಭಯವೂ ಜಾಸ್ತಿ. ಮನೆಯಿಂದ ಗದ್ದೆ, ತೋಟ, ಕಾಡಂಚಿನ ತನಕ ಓಡಾಡಲು ಸರಿ. ಬೆಟ್ಟ ಹತ್ತಲು ಇದನ್ನೇ ನಂಬಿ ಹೋಗುವುದನ್ನು ನಾನಂತೂ ಒಪ್ಪುವುದಿಲ್ಲ.

ಕೀಲಿನ ಗಾಡಿ ಏಕೆ ಮೇಲು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಹಿಟಾಚಿ, ಡೋಜರ್‌ಗಳಲ್ಲಿ ತಿರುಗಬೇಕಾದರೆ ಒಂದು ಬದಿಯ ಟ್ರ್ಯಾಕ್ ನಿಧಾನ ಮಾಡಬೇಕು ಅಥವಾ ನಿಲ್ಲಿಸಬೇಕು. ಗಟ್ಟಿ ನೆಲದಲ್ಲಿ ತೊಂದರೆ ಇಲ್ಲ. ಜೌಗಿನಲ್ಲಿ ಮಾತ್ರ ಆ ಟ್ರ್ಯಾಕ್ ನೆಲವನ್ನು ಅಡ್ಡಡ್ಡ ಉತ್ತು ಗುಂಡಿ ತೋಡುತ್ತದೆ. ಬಿವಿ 206ರಲ್ಲಿ ಸ್ಟೀರಿಂಗ್ ತಿರುಗಿಸಿದರೆ ಹೈಡ್ರಾಲಿಕ್ ಸಿಲಿಂಡರ್‌ಗಳು ನಡುವಿನ ಕೀಲನ್ನು ಬಾಗಿಸುತ್ತವೆ. ನಾಲ್ಕೂ ಟ್ರ್ಯಾಕ್ ಎಳೆಯುತ್ತಲೇ ಇರುತ್ತವೆ. ತಿರುವಿನಲ್ಲಿ ಬಲ ಕಳೆದುಹೋಗುವುದಿಲ್ಲ.

ಆದರೆ ಆ ಕೀಲೇ ಅಪಾಯದ ಜಾಗ. ಇಂಜಿನ್ ಓಡುತ್ತಿರುವಾಗ ಎರಡು ಡಬ್ಬಿಗಳ ನಡುವೆ ಯಾರೂ ನಿಲ್ಲಬಾರದು, ದಾಟಲೂಬಾರದು. ಚಾಲಕ ಸ್ಟೀರಿಂಗ್ ಸ್ವಲ್ಪ ಆಡಿಸಿದರೂ ನಡುವೆ ಇರುವವರು ಜಜ್ಜಿಹೋಗುತ್ತಾರೆ.

ಮೊದಲ ಹೆಜ್ಜೆ: ಹೊರಡುವ ಮುಂಚೆ

ಟ್ರ್ಯಾಕಿನ ಬಿಗಿತ ನೋಡಿ. ಸಡಿಲ ಇದ್ದರೆ ತಿರುವಿನಲ್ಲೋ ಓರೆ ನೆಲದಲ್ಲೋ ಕಳಚಿಕೊಳ್ಳುತ್ತದೆ. ತೀರಾ ಬಿಗಿ ಇದ್ದರೆ ಬೇರಿಂಗ್ ತಿನ್ನುತ್ತದೆ, ಇಂಧನವೂ ಹಾಳು. ಎಷ್ಟು ಜೋತುಬೀಳಬೇಕು ಎಂಬ ಅಳತೆ ಆಯಾ ಗಾಡಿಯ ಪುಸ್ತಕದಲ್ಲಿರುತ್ತದೆ, ಅದನ್ನೇ ಪಾಲಿಸಿ. ಹಿಂದಿನ ದಿನದ ಮಂಜುಗಡ್ಡೆ ಸ್ಪ್ರಾಕೆಟ್ (ಟ್ರ್ಯಾಕನ್ನು ತಿರುಗಿಸುವ ಹಲ್ಲು ಚಕ್ರ) ಹಲ್ಲುಗಳ ನಡುವೆ ಉಳಿದಿದ್ದರೆ ಅದನ್ನು ತೆಗೆದ ಮೇಲೆ ಅಳೆಯಿರಿ. ಗಡ್ಡೆ ಇರುವಾಗ ಟ್ರ್ಯಾಕ್ ಬಿಗಿಯಾಗಿರುವ ಹಾಗೆ ಕಾಣುತ್ತದೆ. ರಬ್ಬರಿನಲ್ಲಿ ಸೀಳು, ಒಳಗಿನ ಎಳೆ ಹೊರಗೆ ಇಣುಕಿರುವುದು, ಚಕ್ರಗಳ ನಡುವೆ ಸಿಕ್ಕಿಕೊಂಡ ಕಲ್ಲು, ಎಣ್ಣೆ ಸೋರಿದ ಕಲೆ ಇವನ್ನೆಲ್ಲ ಒಂದು ಸುತ್ತು ಹಾಕಿ ನೋಡಿ.

ಗಾಡಿಯಲ್ಲಿ ಇರಲೇಬೇಕಾದವು: ಪ್ರತಿಯೊಬ್ಬರಿಗೂ ಒಂದು ಸಲಿಕೆ, ಕೊಡಲಿ, ಎಳೆಯುವ ಹಗ್ಗ, ಬಲವಾದ ರಾಟೆ, ಶ್ಯಾಕಲ್‌ಗಳು (ಹಗ್ಗ ಜೋಡಿಸುವ ಉಕ್ಕಿನ ಕೊಂಡಿ), ಎರಡು ಗಟ್ಟಿ ಹಲಗೆ, ಬಿಸಿ ಮಾಡಿಕೊಳ್ಳಲು ಒಲೆ, ರಾತ್ರಿ ಕಳೆಯಲು ಬೇಕಾದ ಬಟ್ಟೆ, ಊಟ. ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಉಪಗ್ರಹ ಫೋನ್ ಅಥವಾ ರೇಡಿಯೊ. ಒಂದು ವಿಷಯ ನೆನಪಿಡಿ. ಭಾರತದಲ್ಲಿ ಅನುಮತಿ ಇಲ್ಲದೆ ಉಪಗ್ರಹ ಫೋನ್ ಇಟ್ಟುಕೊಳ್ಳುವ ಹಾಗಿಲ್ಲ. ವಿದೇಶದಿಂದ ಬರುವಾಗ ಬ್ಯಾಗಿನಲ್ಲಿ ಹಾಕಿಕೊಂಡು ಬಂದರೆ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತೀರಿ.

ಯಾವ ದಾರಿಯಲ್ಲಿ ಹೋಗುತ್ತೀರಿ, ಎಷ್ಟು ಹೊತ್ತಿಗೆ ವಾಪಸ್ ಬರುತ್ತೀರಿ ಎಂದು ಹಿಂದೆ ಉಳಿಯುವ ಒಬ್ಬರಿಗೆ ಬರೆದು ಕೊಡಿ. ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತದೆ.

ಕಾನೂನೂ ಇದೆ. ಸ್ವೀಡನ್ನಿನಲ್ಲಿ 1975ರ ಕಾಯ್ದೆಯ ಪ್ರಕಾರ, ಹಿಮ ಇಲ್ಲದ ಬರಿ ನೆಲದ ಮೇಲೆ ರಸ್ತೆ ಬಿಟ್ಟು ಮೋಟಾರು ಗಾಡಿ ಓಡಿಸುವುದು ಸಾಮಾನ್ಯರಿಗೆ ನಿಷಿದ್ಧ. ನಾರ್ವೆಯ 1977ರ ಕಾಯ್ದೆ ಇನ್ನೂ ಬಿಗಿ. ಹಿಮ ಇದ್ದರೂ ಊರಾಚೆಯ ಬಯಲಿನಲ್ಲಿ ಓಡಿಸಲು ಅನುಮತಿ ಬೇಕು. ರಕ್ಷಣಾ ಕೆಲಸದಂಥವಕ್ಕೆ ವಿನಾಯಿತಿ ಇದೆ. ಗಾಡಿ ಕೊಂಡ ಮೇಲೆ ಇದನ್ನು ಕೇಳಿ ತಲೆ ಮೇಲೆ ಕೈ ಹೊತ್ತು ಕೂರಬೇಡಿ. ಮೊದಲೇ ಊರಿನ ಆಡಳಿತ ಕಚೇರಿಯಲ್ಲಿ ವಿಚಾರಿಸಿ.

ಎರಡನೆಯದು: ಚಳಿ, ಎತ್ತರ, ಇಂಜಿನ್

ಮಾಮೂಲು ಡೀಸೆಲ್ ಕೊರೆವ ಚಳಿಯಲ್ಲಿ ಮೇಣದ ಹಾಗೆ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಇಂಡಿಯನ್ ಆಯಿಲ್ 2019ರ ನವೆಂಬರಿನಲ್ಲಿ ಲಡಾಖ್‌ಗೆಂದೇ ಚಳಿಗಾಲದ ಡೀಸೆಲ್ ಬಿಟ್ಟಿತು. ಅದು ಮೈನಸ್ 33 ಡಿಗ್ರಿವರೆಗೂ ಹರಿಯುತ್ತದೆ. ಕೆಳಗಿನ ಊರಿನಲ್ಲಿ ಟ್ಯಾಂಕ್ ತುಂಬಿಸಿಕೊಂಡು ಮೇಲೆ ಹತ್ತುವವರು ಎಡವುವುದು ಇಲ್ಲೇ. ಟ್ಯಾಂಕಿನಲ್ಲಿ ಉಳಿದಿರುವುದು ಕೆಳಗಿನ ಡೀಸೆಲ್. ಮೇಲೆ ರಾತ್ರಿ ನಿಲ್ಲಿಸಿ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಗಾಡಿ ಅಲುಗುವುದಿಲ್ಲ.

ಟರ್ಬೊ ಇಲ್ಲದ ಇಂಜಿನ್ ಪ್ರತಿ 1,000 ಮೀಟರ್ ಏರಿದಾಗಲೂ ಸುಮಾರು 10% ಶಕ್ತಿ ಕಳೆದುಕೊಳ್ಳುತ್ತದೆ. ಲೇಹ್ 3,500 ಮೀಟರ್ ಎತ್ತರದಲ್ಲಿದೆ. ಅಲ್ಲಿ ಶಕ್ತಿಯ ಮೂರರಲ್ಲಿ ಒಂದು ಪಾಲು ಹೋಯಿತು ಎಂದೇ ಇಟ್ಟುಕೊಂಡು ಹೊರೆ ತುಂಬಿ. ಮೈನಸ್ 20ರ ಹತ್ತಿರ ಬ್ಯಾಟರಿಯ ಶಕ್ತಿಯೂ ಅರ್ಧಕ್ಕೆ ಇಳಿಯುತ್ತದೆ. ಇಂಜಿನ್ ಬೆಚ್ಚಗಿಡುವ ಬ್ಲಾಕ್ ಹೀಟರ್ ಇದ್ದರೆ ಬಳಸಿ. ಇಲ್ಲದಿದ್ದರೆ ಬ್ಯಾಟರಿ ಬಿಚ್ಚಿ ರಾತ್ರಿ ಬೆಚ್ಚಗಿನ ಕಡೆ ಇಡಿ.

ಸ್ಟಾರ್ಟ್ ಮಾಡಿದ ಕೂಡಲೇ ಹೊರಡಬೇಡಿ. ಇಂಜಿನ್ ಬಿಸಿಯಾದರೂ ಗೇರ್‌ಬಾಕ್ಸ್, ಡಿಫರೆನ್ಶಿಯಲ್, ಸ್ಟೀರಿಂಗ್‌ನ ಹೈಡ್ರಾಲಿಕ್ ಎಣ್ಣೆ ಇನ್ನೂ ಗಟ್ಟಿಯಾಗಿರುತ್ತದೆ. ಮೊದಲ ಒಂದೆರಡು ಕಿ.ಮೀ. ನಿಧಾನಕ್ಕೆ ಓಡಿಸಿ. ರಬ್ಬರಿಗೂ ಮೈ ಬಿಡಲು ಸಮಯ ಬೇಕು.

ಹಿಮಗಾಳಿಯಲ್ಲಿ ನಿಲ್ಲಿಸಿ ಇಂಜಿನ್ ಓಡಿಸುತ್ತಾ ಒಳಗೆ ಮಲಗುವುದು ಕೊಲ್ಲುವ ತಪ್ಪು. ಸೈಲೆನ್ಸರ್ ಬಾಯಿಗೆ ಹಿಮ ಕಟ್ಟಿಕೊಂಡರೆ ಹೊಗೆ ಒಳಕ್ಕೆ ಬರುತ್ತದೆ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಬ್ಯಾಟರಿಯಿಂದ ಓಡುವ ಸಣ್ಣ ಅಲಾರಂ ಸಿಗುತ್ತದೆ, ಎರಡು ಡಬ್ಬಿಗೂ ಒಂದೊಂದು ಇರಲಿ.

ಮೂರನೆಯದು: ಹಿಮ

ಹೊಸದಾಗಿ ಬಿದ್ದ ಹಿಮ ಹಿಟ್ಟಿನಂತಿರುತ್ತದೆ. ಗಾಡಿ ಅದನ್ನು ಅದುಮಿದಾಗ ಹರಳುಗಳು ಒತ್ತಾಗಿ ಕೂರುತ್ತವೆ. ಆಮೇಲೆ ಕೆಲವು ಗಂಟೆ ಬಿಟ್ಟರೆ ಆ ಹರಳುಗಳು ಒಂದಕ್ಕೊಂದು ಅಂಟಿ ಬೆಸೆದುಕೊಳ್ಳುತ್ತವೆ. ರಾತ್ರಿಯ ಚಳಿ ಸಿಕ್ಕರಂತೂ ಬೆಳಿಗ್ಗೆ ಆ ಜಾಡು ರಸ್ತೆಯಷ್ಟು ಗಟ್ಟಿ. ಸ್ಕೀ ತಾಣಗಳಲ್ಲಿ ಇಳಿಜಾರುಗಳನ್ನು ರಾತ್ರಿ ಹೊತ್ತಿನಲ್ಲೇ ಸಮ ಮಾಡುವುದು ಇದಕ್ಕೇ. ನಾಳೆ ಹೊರೆ ಸಾಗಿಸಬೇಕಿದ್ದರೆ ಇವತ್ತೇ ಖಾಲಿ ಗಾಡಿಯಲ್ಲಿ ಒಮ್ಮೆ ಹೋಗಿ ಜಾಡು ಹಾಕಿ ಬನ್ನಿ. ಒಂದು ಸುತ್ತಿನ ಇಂಧನ ಖರ್ಚಾದರೂ ನಾಳೆಯ ಅರ್ಧ ದಿನ ಉಳಿಯುತ್ತದೆ.

ಆಳದ ಹೊಸ ಹಿಮದಲ್ಲಿ ಮೊದಲು ಹೋಗುವ ಗಾಡಿ ನೀವೇ ಆದರೆ ಹೀಗೆ ಮಾಡಿ. ಕಡಿಮೆ ಗೇರ್, ಒಂದೇ ಸಮನಾದ ವೇಗ. ಗಾಡಿ ಏದುಸಿರು ಬಿಟ್ಟು ನಿಧಾನವಾಗುತ್ತಿದೆ ಅನ್ನಿಸಿದ ಕೂಡಲೇ ನಿಲ್ಲಿಸಿ. ಪೂರ್ತಿ ನಿಂತುಹೋಗುವ ತನಕ ಕಾಯಬೇಡಿ. ಬಂದ ಜಾಡಿನಲ್ಲೇ ಒಂದೆರಡು ಗಾಡಿಯುದ್ದ ಹಿಂದಕ್ಕೆ ಬನ್ನಿ. ಮತ್ತೆ ಮುಂದಕ್ಕೆ. ಪ್ರತಿ ಸಲ ಸ್ವಲ್ಪ ಸ್ವಲ್ಪ ಮುಂದೆ ಸಾಗುತ್ತೀರಿ. ನೋಡುವವರಿಗೆ ಪೆದ್ದು ಕೆಲಸದಂತೆ ಕಾಣಬಹುದು. ಆದರೆ ಇದೇ ಸರಿಯಾದ ದಾರಿ.

ಮಾಡಬಾರದ್ದು ಒಂದೇ: ಟ್ರ್ಯಾಕ್ ಸುಮ್ಮನೆ ಗಿರಗಿರ ತಿರುಗಲು ಬಿಡುವುದು. ಆಕ್ಸಲರೇಟರ್ ಒತ್ತಿದಷ್ಟೂ ಟ್ರ್ಯಾಕ್ ತನ್ನ ಕೆಳಗಿನ ಹಿಮವನ್ನು ಹಿಂದಕ್ಕೆ ಎಸೆಯುತ್ತದೆ. ಗಾಡಿ ಇಳಿಯುತ್ತಾ ಇಳಿಯುತ್ತಾ ಕೊನೆಗೆ ಹೊಟ್ಟೆ ಮೇಲೆ ಕೂರುತ್ತದೆ. ಆಮೇಲೆ ಟ್ರ್ಯಾಕಿಗೆ ಭಾರವೇ ಇಲ್ಲ, ಹಿಡಿತವೂ ಇಲ್ಲ. ಮುಂದಿನ ಎರಡು ಗಂಟೆ ನಿಮ್ಮ ಕೈಯಲ್ಲಿ ಸಲಿಕೆ.

ತಿರುವು ಯಾವಾಗಲೂ ದೊಡ್ಡದಾಗಿರಲಿ. ಸಣ್ಣ ತಿರುವಿನಲ್ಲಿ ಹಿಂದಿನ ಡಬ್ಬಿ ಮುಂದಿನ ಜಾಡು ಬಿಟ್ಟು ಹೊಸ ಹಿಮ ತುಳಿಯಬೇಕಾಗುತ್ತದೆ.

ವಸಂತದ ಹಿಮ ಬೇರೆಯೇ ಜಾತಿ. ಬೆಳಿಗ್ಗೆ ಕಲ್ಲು, ಮಧ್ಯಾಹ್ನ ಗಂಜಿ. ಮಾರ್ಚ್, ಏಪ್ರಿಲ್‌ನಲ್ಲಿ ನಸುಕಿಗೆ ಹೊರಟು ಬಿಸಿಲೇರುವ ಮೊದಲು ಕೆಲಸ ಮುಗಿಸಬೇಕು. ಆ ಕಾಲದಲ್ಲಿ ತೊರೆಗಳ ಮೇಲಿನ ಹಿಮದ ಸೇತುವೆಗಳೂ ಒಳಗೊಳಗೇ ಕರಗಿರುತ್ತವೆ. ಹಿಮದ ಮೇಲ್ಮೈ ಉದ್ದಕ್ಕೆ ಸ್ವಲ್ಪ ತಗ್ಗಿದ್ದರೆ, ಬಣ್ಣ ಬೂದಾಗಿದ್ದರೆ, ಕಿವಿಗೆ ನೀರಿನ ಸದ್ದು ಬಿದ್ದರೆ ಇಳಿದು ಕೋಲು ಚುಚ್ಚಿ ನೋಡಿ.

ಆಕಾಶ, ನೆಲ ಎರಡೂ ಒಂದೇ ಬಿಳಿ ಆದಾಗ ಗಾಡಿ ನಿಲ್ಲಿಸಿ. ಮುಂದೆ ಗುಂಡಿ ಇದೆಯೋ ದಿಬ್ಬ ಇದೆಯೋ ಕಣ್ಣಿಗೆ ತಿಳಿಯುವುದೇ ಇಲ್ಲ. ಜಿಪಿಎಸ್ ದಿಕ್ಕು ಹೇಳುತ್ತದೆ, ಗುಂಡಿ ಹೇಳುವುದಿಲ್ಲ.

ನಾಲ್ಕನೆಯದು: ಜೌಗು

ಇಲ್ಲಿ ಎಲ್ಲ ಉಲ್ಟಾ. ಉತ್ತರದ ಜೌಗುಗಳಲ್ಲಿ ಮೇಲೆ ಪಾಚಿ, ಹುಲ್ಲಿನ ಬೇರುಗಳ ಒಂದು ಚಾಪೆ ಇರುತ್ತದೆ. ಅದರ ಕೆಳಗೆ ನೀರು ತುಂಬಿದ ಕೊಳೆತ ಸಸ್ಯಗಳ ಹುದುಲು, ಕೆಲವು ಕಡೆ ಹಲವು ಮೀಟರ್ ಆಳ. ಗಾಡಿಯನ್ನು ಹೊರುವುದು ಆ ಬೇರಿನ ಚಾಪೆ, ಹುದುಲಲ್ಲ. ಮೊದಲ ಗಾಡಿ ಅದನ್ನು ಬಾಗಿಸುತ್ತದೆ. ಎರಡನೆಯದು ಅಲ್ಲೇ ಹೋದರೆ ಎಳೆಗಳು ಕಿತ್ತುಬರುತ್ತವೆ. ಮೂರನೆಯದು ಮುಳುಗುತ್ತದೆ. ಆದ್ದರಿಂದ ಸಾಲಾಗಿ ಬಂದ ಗಾಡಿಗಳು ಜೌಗಿನ ಅಂಚಿನಲ್ಲಿ ಅಗಲಕ್ಕೆ ಹರಡಿಕೊಂಡು ತಮ್ಮ ತಮ್ಮ ದಾರಿಯಲ್ಲಿ ದಾಟಬೇಕು. ಕಿತ್ತುಹೋದ ಚಾಪೆ ಮತ್ತೆ ಬೆಳೆಯಲು ದಶಕಗಳೇ ಬೇಕು. ಮೇಲೆ ಹೇಳಿದ ಕಾನೂನುಗಳು ಬರಿ ನೆಲದ ಓಡಾಟಕ್ಕೆ ಕಡಿವಾಣ ಹಾಕುವ ಕಾರಣಗಳಲ್ಲಿ ಇದೂ ಒಂದು. ಕೆಲಸ ತುರ್ತಿಲ್ಲದಿದ್ದರೆ ಜೌಗು ಹೆಪ್ಪುಗಟ್ಟುವ ತನಕ ಕಾಯುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಎಲ್ಲಿ ಇಳಿಯಬಹುದು ಎಂಬುದನ್ನು ಗಿಡಗಳೇ ಹೇಳುತ್ತವೆ. ಕುಳ್ಳ ಪೈನ್ ಮರಗಳು, ಪೊದೆಗಳು ಇರುವ ಕಡೆ ಬೇರು ದಟ್ಟ, ನೆಲ ತಕ್ಕಮಟ್ಟಿಗೆ ಗಟ್ಟಿ. ಹುಲ್ಲಿನ ಗುಪ್ಪೆಗಳಿದ್ದರೆ ಪರವಾಗಿಲ್ಲ. ಕಣ್ಣಿಗೆ ಹಬ್ಬದಂತಿರುವ ಎಳೆ ಹಸಿರು, ಸಮತಟ್ಟಾದ, ಮಿನುಗುವ ಪಾಚಿ ಇದ್ದರೆ ದೂರ ಇರಿ, ಅದರ ಕೆಳಗೆ ಬರೀ ನೀರು. ಉದ್ದ ಕೋಲು ಹಿಡಿದು ನಡೆದು ನೋಡಿ. ಹೆಜ್ಜೆ ಇಟ್ಟಾಗ ಸುತ್ತಲ ನೆಲ ಅಲೆಯಂತೆ ತೂಗಿದರೆ ಚಾಪೆ ತೆಳ್ಳಗಿದೆ ಎಂದರ್ಥ.

ಇಳಿಯುವ ಮೊದಲೇ ಆಚೆ ದಡದಲ್ಲಿ ಹತ್ತುವ ಜಾಗ ಗುರುತು ಮಾಡಿ. ಕಡಿಮೆ ಗೇರ್ ಹಾಕಿ. ನಡುವೆ ಗೇರ್ ಬದಲಾಯಿಸಬೇಡಿ, ನಿಲ್ಲಬೇಡಿ, ಜೋರಾಗಿ ಬ್ರೇಕ್ ಹಾಕಬೇಡಿ. ದಿಕ್ಕು ಬದಲಿಸಲೇಬೇಕಾದರೆ ದೊಡ್ಡ ಬಿಲ್ಲಿನಂತೆ ಬಾಗಿ ಹೋಗಿ. ಗಾಡಿ ಇಳಿಯುತ್ತಿದೆ ಅನ್ನಿಸಿದರೆ ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ಆಡಿಸಿ. ಕೀಲಿನ ಗಾಡಿಗೆ ಇದೊಂದು ವರ. ಟ್ರ್ಯಾಕ್‌ಗಳು ಪಕ್ಕದ ಹೊಸ ನೆಲಕ್ಕೆ ಹಲ್ಲು ಹಾಕಿ ಮೇಲೆ ಬರುತ್ತವೆ. ಒಂದೆರಡು ಸಲ ಆಡಿಸಿದರೂ ಮುಂದೆ ಹೋಗದಿದ್ದರೆ ಆಕ್ಸಲರೇಟರ್‌ನಿಂದ ಕಾಲು ತೆಗೆಯಿರಿ.

ಐದನೆಯದು: ನೀರು ಮತ್ತು ಮಂಜುಗಡ್ಡೆ

ಬಿವಿ 206 ತೇಲುತ್ತದೆ. ಟ್ರ್ಯಾಕ್‌ಗಳೇ ಹುಟ್ಟು ಹಾಕುತ್ತವೆ. ಆದರೆ ವೇಗ ಗಂಟೆಗೆ 3–4 ಕಿ.ಮೀ. ಅಷ್ಟೇ, ನಡಿಗೆಗಿಂತ ನಿಧಾನ. ಹೊಳೆಯ ಸೆಳೆತ ಅದಕ್ಕಿಂತ ಜಾಸ್ತಿ ಇದ್ದರೆ ಇಳಿಯಬೇಡಿ. ಇಳಿಯುವ ಮೊದಲು ತಳದ ಬಿರಡೆಗಳು ಮುಚ್ಚಿವೆಯೇ, ನೀರು ಹೊರಹಾಕುವ ಪಂಪ್ ಓಡುತ್ತದೆಯೇ, ಹೊರೆ ಎರಡು ಬದಿಗೂ ಸಮ ಇದೆಯೇ ನೋಡಿ. ಎಲ್ಲರೂ ಜೀವರಕ್ಷಕ ಜಾಕೆಟ್ ಹಾಕಿ, ಸೀಟ್ ಬೆಲ್ಟ್ ಬಿಚ್ಚಿರಲಿ. ಹಳೆಯ ಗಾಡಿಯಾದರೆ ಬಾಗಿಲಿನ ರಬ್ಬರ್‌ಗಳನ್ನು ನಂಬಬೇಡಿ. ಮೊದಲು ಆಳ ಕಡಿಮೆ ಇರುವ ಕೆರೆಯಲ್ಲಿ ಇಳಿಸಿ ಪರೀಕ್ಷಿಸಿ.

ಹೆಪ್ಪುಗಟ್ಟಿದ ಕೆರೆ ದಾಟಲು ಒಂದು ಲೆಕ್ಕ ಇದೆ. ಕೆನಡಾದಲ್ಲಿ ಚಳಿಗಾಲದ ರಸ್ತೆ ಮಾಡುವವರು ಇಂದಿಗೂ ಬಳಸುವ ಸೂತ್ರ. ಗಡ್ಡೆಯ ದಪ್ಪವನ್ನು ಸೆಂಟಿಮೀಟರಿನಲ್ಲಿ ಅಳೆಯಿರಿ. ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 3.5ರಿಂದ ಗುಣಿಸಿ. ಎಷ್ಟು ಕೆ.ಜಿ. ತಡೆಯುತ್ತದೆ ಎಂಬುದು ಬರುತ್ತದೆ. 30 ಸೆಂ.ಮೀ. ದಪ್ಪಕ್ಕೆ 3,150 ಕೆ.ಜಿ. ಖಾಲಿ ಬಿವಿ 206ಕ್ಕೂ ಅದು ಸಾಲದು. 45 ಸೆಂ.ಮೀ. ಇದ್ದರೆ 7,000 ಕೆ.ಜಿ. ದಾಟುತ್ತದೆ, ತುಂಬಿದ ಗಾಡಿ ಹೋಗಬಹುದು. ಈ ಲೆಕ್ಕ ಪಾರದರ್ಶಕ, ನೀಲಿ ಗಡ್ಡೆಗೆ ಮಾತ್ರ. ಹಿಮ ಬೆರೆತ ಬಿಳಿ ಗಡ್ಡೆಯಾದರೆ ಅದರ ದಪ್ಪವನ್ನು ಅರ್ಧ ಎಂದೇ ಎಣಿಸಿ. ವಸಂತದ ಗಡ್ಡೆಗೆ ಯಾವ ಸೂತ್ರವೂ ಇಲ್ಲ.

ಒಂದೇ ಕಡೆ ಕೊರೆದು ನೋಡಿದರೆ ಸಾಲದು. ತೊರೆ ಬಂದು ಸೇರುವ ಬಾಯಿ, ಬಂಡೆಗಳ ಸುತ್ತ, ಸೇತುವೆ ಕೆಳಗೆ ಗಡ್ಡೆ ತೆಳ್ಳಗಿರುತ್ತದೆ. ನಿಧಾನಕ್ಕೆ ಹೋಗಿ. ಗಾಡಿ ಓಡುವಾಗ ಗಡ್ಡೆಯ ಕೆಳಗಿನ ನೀರಿನಲ್ಲಿ ಅಲೆ ಏಳುತ್ತದೆ, ವೇಗ ಹೆಚ್ಚಿದರೆ ಆ ಅಲೆಯೇ ಗಡ್ಡೆ ಒಡೆಯುತ್ತದೆ. ದಡದ ಹತ್ತಿರ ಇನ್ನೂ ನಿಧಾನ. ತೇಲುವ ಗಾಡಿಯಲ್ಲವೇ, ಒಡೆದರೆ ಏನಂತೆ ಎನ್ನುವವರಿದ್ದಾರೆ. ತೇಲುತ್ತದೆ, ಸರಿ. ಒಡೆದ ಗಡ್ಡೆಯ ಅಂಚನ್ನು ಹತ್ತಿ ಮೇಲೆ ಬರುವುದು ಹೇಗೆ?

ಆರನೆಯದು: ಬೆಟ್ಟ

ಏರುವುದು, ಇಳಿಯುವುದು ಎರಡೂ ನೇರವಾಗಿ. ಇಳಿಜಾರಿಗೆ ಅಡ್ಡಲಾಗಿ ಹೋಗುವುದನ್ನು ಆದಷ್ಟು ತಪ್ಪಿಸಿ. ಅಡ್ಡ ಹೋದಾಗ ಗಾಡಿ ಕೆಳಕ್ಕೆ ಜಾರುತ್ತದೆ, ಕೆಳಬದಿಯ ಟ್ರ್ಯಾಕ್ ಕಳಚುತ್ತದೆ, ಹಿಮದಡಿ ಒಂದು ಕಲ್ಲು ಸಿಕ್ಕರೆ ಮಗುಚುತ್ತದೆ. ತಯಾರಕರು 45 ಡಿಗ್ರಿ ಏರು ಹತ್ತುತ್ತದೆ ಎಂದು ಬರೆದಿದ್ದರೆ ಅದು ಒಣ, ಗಟ್ಟಿ ನೆಲದ ಮಾತು. ಸಡಿಲ ಹಿಮದಲ್ಲಿ ಅದರ ಅರ್ಧವೂ ಸಿಗುವುದಿಲ್ಲ.

ಏರಿನ ಅರ್ಧದಲ್ಲಿ ಹಿಡಿತ ಬಿಟ್ಟರೆ ತಿರುಗಿಸಲು ಹೋಗಬೇಡಿ. ನಿಲ್ಲಿಸಿ, ರಿವರ್ಸ್ ಹಾಕಿ, ಬಂದ ಜಾಡಿನಲ್ಲೇ ನೇರವಾಗಿ ಹಿಂದಕ್ಕೆ ಇಳಿಯಿರಿ. ಇಳಿಯುವಾಗ ಯಾವಾಗಲೂ ಗೇರಿನಲ್ಲಿರಲಿ, ವೇಗ ತಡೆಯುವ ಕೆಲಸ ಇಂಜಿನ್‌ಗೆ ಬಿಡಿ. ಇಂಜಿನ್ ಆಫ್ ಆದರೆ ಹೈಡ್ರಾಲಿಕ್ ಒತ್ತಡ ಹೋಗಿ ಸ್ಟೀರಿಂಗ್ ಕಲ್ಲಾಗುತ್ತದೆ.

ಗಾಡಿಗಿಂತ ದೊಡ್ಡ ಅಪಾಯ ಹಿಮಪಾತ, ಅಂದರೆ ಇಳಿಜಾರಿನಿಂದ ಕುಸಿದು ಬರುವ ಹಿಮದ ರಾಶಿ. ಹಲಗೆಯಂತೆ ಕಳಚಿ ಬರುವ ಹಿಮಪಾತಗಳು ಹೆಚ್ಚಾಗಿ ಶುರುವಾಗುವುದು 30ರಿಂದ 45 ಡಿಗ್ರಿ ಇಳಿಜಾರುಗಳಲ್ಲಿ. ಹೊಸ ಹಿಮ ಬಿದ್ದ, ಜೋರು ಗಾಳಿ ಬೀಸಿದ ಮರುದಿನ, ಆಚೆಮರುದಿನ ಅಪಾಯ ಹೆಚ್ಚು. ನೀವು ಅಂಥ ಇಳಿಜಾರಿನ ಮೇಲೆಯೇ ಇರಬೇಕೆಂದಿಲ್ಲ. ಬುಡದ ಸಮತಟ್ಟಿನಲ್ಲಿ ಹೋಗುತ್ತಿದ್ದರೂ ಮೇಲಿಂದ ಬರುತ್ತದೆ. ನಮ್ಮ ಹಿಮಾಲಯದಲ್ಲಿ ಡಿಆರ್‌ಡಿಒದ ಡಿಜಿಆರ್‌ಇ ಸಂಸ್ಥೆ ಹಿಮಪಾತದ ಮುನ್ಸೂಚನೆ ಕೊಡುತ್ತದೆ. ಯುರೋಪಿನಲ್ಲಿ 1ರಿಂದ 5ರ ಅಳತೆ ಇದೆ. 3 ಎಂದು ಕಂಡರೆ ಕಡಿದಾದ ಇಳಿಜಾರುಗಳಿಂದ ದೂರ ಇರುವ ದಾರಿ ಹುಡುಕಿ. 4 ಎಂದಿದ್ದರೆ ಮನೆಯಲ್ಲೇ ಇರಿ. ಪ್ರತಿಯೊಬ್ಬರ ಮೈಮೇಲೆ ಹಿಮಪಾತದ ಬೀಕನ್ (ಹೂತವರು ಎಲ್ಲಿದ್ದಾರೆಂದು ಸಂಕೇತ ಕೊಡುವ ಸಾಧನ), ಗಾಡಿಯಲ್ಲಿ ಚುಚ್ಚಿ ಹುಡುಕುವ ಸಲಾಕೆ ಇರಬೇಕು. ಹೂತವರನ್ನು ಉಳಿಸಲು ಸಿಗುವುದು ಮೊದಲ 10–15 ನಿಮಿಷ. ಹೊರಗಿನಿಂದ ಸಹಾಯ ಬರುವಷ್ಟರಲ್ಲಿ ಅದು ಮುಗಿದಿರುತ್ತದೆ. ಅಪಾಯದ ತಾಣ ದಾಟಲೇಬೇಕಾದರೆ ಒಂದೊಂದೇ ಗಾಡಿ ಹೋಗಲಿ, ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ನೋಡುತ್ತಿರಲಿ.

ಹೂತುಹೋದರೆ

ಗೇರ್ ನ್ಯೂಟ್ರಲ್ ಮಾಡಿ, ಎಲ್ಲರನ್ನೂ ಇಳಿಸಿ. ಹದಿನೇಳು ಜನ ಕೂರುವ ಗಾಡಿಯಿಂದ ಜನ ಇಳಿದರೇ ಒಂದು ಟನ್ ಹಗುರ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಆಮೇಲೆ ಹೊಟ್ಟೆಯ ಕೆಳಗಿನ ಹಿಮ ಅಥವಾ ಕೆಸರು ತೋಡಿ. ಜನ ಟ್ರ್ಯಾಕಿನ ಮುಂದೆ ಮಾತ್ರ ತೋಡುತ್ತಾರೆ, ಗಾಡಿಯನ್ನು ಹಿಡಿದಿಟ್ಟಿರುವುದು ಹೊಟ್ಟೆ. ಹಿಂದಕ್ಕೆ ಬರಲು ಮೊದಲು ಯತ್ನಿಸಿ, ಏಕೆಂದರೆ ಹಿಂದಿನ ನೆಲ ಒಮ್ಮೆ ಹೊತ್ತದ್ದು.

ವಿಂಚ್ (ಹಗ್ಗ ಸುತ್ತಿಕೊಂಡು ಎಳೆಯುವ ಯಂತ್ರ) ಬಳಸುವುದಾದರೆ ಆಸರೆ ಬೇಕು. ಮರ ಇಲ್ಲದ ಬಯಲಿನಲ್ಲಿ ದಪ್ಪ ದಿಮ್ಮಿಗೆ ನಡುವೆ ಹಗ್ಗ ಕಟ್ಟಿ, ಎಳೆತಕ್ಕೆ ಅಡ್ಡಲಾಗಿ ಒಂದು ಮೀಟರಿನಷ್ಟು ಆಳದಲ್ಲಿ ಹೂಳಿ, ಮೇಲೆ ಹಿಮವನ್ನು ಗಟ್ಟಿಯಾಗಿ ತುಳಿಯಿರಿ. ಹಿಮವಾದರೆ ಸ್ವಲ್ಪ ಹೊತ್ತು ಹಾಗೇ ಬಿಡಿ, ಗಟ್ಟಿಯಾಗುತ್ತದೆ. ರಾಟೆ ಹಾಕಿ ಹಗ್ಗವನ್ನು ಗಾಡಿಗೇ ಹಿಂದಿರುಗಿಸಿ ಕಟ್ಟಿದರೆ ಎಳೆತ ಹೆಚ್ಚುಕಡಿಮೆ ಎರಡು ಪಟ್ಟು. ಬಿಗಿಯಾದ ಉಕ್ಕಿನ ಹಗ್ಗ ತುಂಡಾದರೆ ಕಾಲು ಕತ್ತರಿಸಿಬಿಡುತ್ತದೆ. ಹಗ್ಗದ ಮೇಲೆ ಒದ್ದೆ ಕಂಬಳಿ ಹಾಕಿ, ಹಗ್ಗದ ಉದ್ದದಷ್ಟು ದೂರಕ್ಕೆ ಎಲ್ಲರನ್ನೂ ಕಳಿಸಿ.

ವಾಪಸ್ ಬಂದ ಮೇಲೆ

ಒದ್ದೆ ಟ್ರ್ಯಾಕ್‌ಗಳನ್ನು ಹಾಗೇ ಬಿಟ್ಟರೆ ಬೆಳಿಗ್ಗೆ ನೆಲಕ್ಕೆ ಅಂಟಿಕೊಂಡಿರುತ್ತವೆ. ನಿಲ್ಲಿಸುವ ಮೊದಲು ಒಣ ಹಿಮದ ಮೇಲೆ ಮುಂದೆ ಹಿಂದೆ ಓಡಿಸಿ ನೀರು ಉದುರಿಸಿ. ಆಮೇಲೆ ಹಲಗೆ ಅಥವಾ ಮರದ ಕೊಂಬೆಗಳ ಮೇಲೆ ನಿಲ್ಲಿಸಿ. ಬ್ರೇಕ್ ಒದ್ದೆಯಾಗಿದ್ದರೆ ಪಾರ್ಕಿಂಗ್ ಬ್ರೇಕ್ ಎಳೆಯಬೇಡಿ, ಹೆಪ್ಪುಗಟ್ಟಿ ಹಿಡಿದುಕೊಳ್ಳುತ್ತದೆ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಅಡ್ಡಗಟ್ಟೆ ಕೊಡಿ. ಅಂಟಿಕೊಂಡಿದ್ದರೆ ಬೆಳಿಗ್ಗೆ ಇಂಜಿನ್ ಬಲದಿಂದ ಕೀಳಲು ಹೋಗಬೇಡಿ, ರಬ್ಬರ್ ಹರಿಯುತ್ತದೆ. ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಬಿಡಿಸಿ.

ಜೌಗು, ನೀರಿನಲ್ಲಿ ಇಳಿದಿದ್ದರೆ ಡಿಫರೆನ್ಶಿಯಲ್ ಎಣ್ಣೆ ನೋಡಿ. ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ. ಎಣ್ಣೆ ಬದಲಿಸಿ, ಸೀಲ್ ನೋಡಿಸಿ. ಕೆಸರು ಒಣಗುವ ಮೊದಲೇ ತೊಳೆಯಿರಿ. ಬೇಸಿಗೆಗೆ ಗಾಡಿಯನ್ನು ಮೂಲೆಗೆ ಸೇರಿಸುವಾಗ ಟ್ರ್ಯಾಕಿನ ಬಿಗಿತ ಸಡಿಲಿಸಿ. ಬಿಸಿಲು, ಡೀಸೆಲ್, ಎಣ್ಣೆ ಮೂರೂ ರಬ್ಬರಿನ ಶತ್ರುಗಳು. ಸೋರುವ ಇಂಜಿನ್ ಕೆಳಗೆ ತಟ್ಟೆ ಇಡಿ, ನೆರಳಿನಲ್ಲಿ ನಿಲ್ಲಿಸಿ. ಆಗಾಗ ಒಮ್ಮೆ ಸ್ಟಾರ್ಟ್ ಮಾಡಿ, ಒಂದು ಗಾಡಿಯುದ್ದ ಮುಂದಕ್ಕೆ ತನ್ನಿ. ಟ್ರ್ಯಾಕಿನ ಅದೇ ಭಾಗ ತಿಂಗಳುಗಟ್ಟಲೆ ಚಕ್ರದ ಕೆಳಗೆ ಮಡಚಿಕೊಂಡಿದ್ದರೆ ಅಲ್ಲೇ ಬಿರುಕು ಬಿಡುತ್ತದೆ.